ಖಾಕಿ ತೊಟ್ಟವರೆಲ್ಲ ಪೊಲೀಸರೇ? ನಕಲಿ ಸಮವಸ್ತ್ರ, ನಕಲಿ ಬ್ಯಾಡ್ಜ್ ಬಗ್ಗೆ ಕಾನೂನು ಏನು ಹೇಳುತ್ತದೆ?

‘ಪೊಲೀಸರ ಸೋಗಿನಲ್ಲಿ ಬಂದು ವೃದ್ಧೆಯ ಸರ ದೋಚಿದರು’, ‘ನಕಲಿ ಪಿಎಸ್‌ಐ ಬಂಧನ’, ‘ಡಿಜಿಟಲ್ ಅರೆಸ್ಟ್ ಹೆಸರಿನಲ್ಲಿ ವಂಚನೆ’. ಪತ್ರಿಕೆ ಓದುವವರಿಗೆ ಇಂಥ ತಲೆಬರಹಗಳು ಹೊಸತಲ್ಲ. ಇವುಗಳ ಬೆನ್ನಿಗೇ ವಾಟ್ಸ್ಆ್ಯಪ್‌ನಲ್ಲಿ ಸಲಹೆಗಳೂ ಹರಿದಾಡುತ್ತವೆ. ‘ಪೊಲೀಸ್ ಬಟ್ಟೆ ಹಾಕಿದರೆ ಸಾಕು, ಜೈಲು ಗ್ಯಾರಂಟಿ’ ಎನ್ನುತ್ತದೆ ಒಂದು. ‘ಸಮವಸ್ತ್ರ ಇಲ್ಲದ ಪೊಲೀಸರು ನಿಮ್ಮನ್ನು ಮುಟ್ಟುವಂತೆಯೇ ಇಲ್ಲ’ ಎನ್ನುತ್ತದೆ ಇನ್ನೊಂದು.

ಎರಡೂ ಅರ್ಧ ಸತ್ಯ. ಇಂಥದ್ದನ್ನು ನಂಬಿದರೆ ಎರಡು ಕಡೆಯಿಂದಲೂ ಪೆಟ್ಟು. ನಕಲಿ ಪೊಲೀಸನ ಮಾತಿಗೆ ಹೆದರಿ ದುಡ್ಡು ಕಳೆದುಕೊಳ್ಳಬಹುದು, ಇಲ್ಲವೇ ಅಸಲಿ ಪೊಲೀಸರನ್ನು ತಡೆದು ಮೈಮೇಲೆ ಕೇಸು ಎಳೆದುಕೊಳ್ಳಬಹುದು. ಹಾಗಾಗಿ ಕಾನೂನಿನಲ್ಲಿ ಏನಿದೆ ಎಂಬುದನ್ನು ಒಂದೊಂದಾಗಿ ನೋಡೋಣ.

ವೇಷ ಹಾಕುವುದು ಬೇರೆ, ಅಧಿಕಾರ ಚಲಾಯಿಸುವುದು ಬೇರೆ

2024ರ ಜುಲೈ 1ರಿಂದ ನಮ್ಮ ದೇಶದಲ್ಲಿ 1860ರ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಇದರಲ್ಲಿ ಸರ್ಕಾರಿ ನೌಕರರ ಸೋಗು ಹಾಕುವುದಕ್ಕೆ ಎರಡು ಪ್ರತ್ಯೇಕ ಸೆಕ್ಷನ್‌ಗಳಿವೆ.

ಸೆಕ್ಷನ್ 205 ಉಡುಪು ಮತ್ತು ಗುರುತಿನ ಚಿಹ್ನೆಗೆ ಸಂಬಂಧಿಸಿದ್ದು. ತಾನು ಆ ವರ್ಗದ ನೌಕರನಲ್ಲದಿದ್ದರೂ, ಜನ ಹಾಗೆ ನಂಬಲಿ ಎಂಬ ಉದ್ದೇಶದಿಂದ ಅಥವಾ ನಂಬುವ ಸಂಭವವಿದೆ ಎಂದು ಗೊತ್ತಿದ್ದೂ ಅವರದನ್ನು ಹೋಲುವ ಉಡುಪು ತೊಟ್ಟರೆ ಅಥವಾ ಬ್ಯಾಡ್ಜಿನಂಥ ಚಿಹ್ನೆ ಇಟ್ಟುಕೊಂಡರೆ ಅದು ಅಪರಾಧ. ಶಿಕ್ಷೆ 3 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಕಾನೂನಿನ ಸೆಕ್ಷನ್ 171ರಲ್ಲಿ ಈ ದಂಡ ಬರೀ 200 ರೂಪಾಯಿ ಇತ್ತು.

ಸೆಕ್ಷನ್ 204 ಇನ್ನೂ ಗಂಭೀರ. ಇಲ್ಲದ ಹುದ್ದೆ ಇದೆ ಎಂದು ನಟಿಸಿ, ಆ ಹುದ್ದೆಯ ಹೆಸರಿನಲ್ಲಿ ಏನಾದರೂ ಕೆಲಸ ಮಾಡಿದರೆ ಅಥವಾ ಮಾಡಲು ಯತ್ನಿಸಿದರೆ ಇದು ಅನ್ವಯಿಸುತ್ತದೆ. ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು, ಜೊತೆಗೆ ದಂಡ. ಹಳೆಯ ಸೆಕ್ಷನ್ 170ರಲ್ಲಿ ಗರಿಷ್ಠ 2 ವರ್ಷ ಇತ್ತು, ಕನಿಷ್ಠ ಶಿಕ್ಷೆ ಎಂಬುದೇ ಇರಲಿಲ್ಲ, ದಂಡ ಕಟ್ಟಿ ಹೊರಬರುವ ಅವಕಾಶವೂ ಇತ್ತು. ಈಗ ಆ ದಾರಿ ಮುಚ್ಚಿದೆ.

ಒಂದು ಉದಾಹರಣೆ ನೋಡೋಣ. ಒಬ್ಬ ಭುಜಕ್ಕೆ ಎರಡು ನಕ್ಷತ್ರ ಹಚ್ಚಿಕೊಂಡು, ಎದೆಗೆ ನಾಮಫಲಕ ಸಿಕ್ಕಿಸಿಕೊಂಡು, ತಾನು ಪಿಎಸ್‌ಐ ಎಂದು ಊರವರು ನಂಬಲಿ ಎಂದೇ ಜಾತ್ರೆಯಲ್ಲಿ ಓಡಾಡಿದ. ಅಷ್ಟಕ್ಕೇ ಸೆಕ್ಷನ್ 205 ಸಾಕು. ಅದೇ ವೇಷದಲ್ಲಿ ಹೆದ್ದಾರಿಗೆ ಬಂದು ಲಾರಿ ನಿಲ್ಲಿಸಿ ದಾಖಲೆ ಕೇಳಿದ. ಈಗ ಸೆಕ್ಷನ್ 204 ಕೂಡ ಸೇರುತ್ತದೆ. ಲಾರಿಯವ ಒಂದು ರೂಪಾಯಿ ಕೊಡದೆ ಹೋದರೂ ಅಪರಾಧ ಅಪರಾಧವೇ. ಇನ್ನೊಂದು ಮುಖ್ಯ ವಿಷಯವೆಂದರೆ ಸೆಕ್ಷನ್ 204ಕ್ಕೆ ಸಮವಸ್ತ್ರವೇ ಬೇಕಿಲ್ಲ. ಲುಂಗಿ ಉಟ್ಟುಕೊಂಡು ಫೋನಿನಲ್ಲಿ ‘ನಾನು ಇನ್‌ಸ್ಪೆಕ್ಟರ್, ನಿನ್ನ ಮೇಲಿನ ಕೇಸು ಮುಗಿಸಲು ಹಣ ಕಳಿಸು’ ಎಂದರೂ ಸಾಕು.

ಸೈನಿಕರ, ನೌಕಾಪಡೆ ಮತ್ತು ವಾಯುಪಡೆಯವರ ಉಡುಪಿಗೆ ಬೇರೆಯೇ ಸೆಕ್ಷನ್ ಇದೆ. ಅದು 168. ಅದರಲ್ಲಿ 3 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ.

ವೇಷಕ್ಕೆ 3 ತಿಂಗಳಷ್ಟೇ ಶಿಕ್ಷೆಯೇ, ಇಷ್ಟು ಕಡಿಮೆ ಏಕೆ ಎಂದು ಕೆಲವರು ಕೇಳಬಹುದು. ವೇಷ ಸಾಮಾನ್ಯವಾಗಿ ಮುಂದಿನ ಅಪರಾಧಕ್ಕೆ ಮೆಟ್ಟಿಲು. ಆ ಮುಂದಿನ ಅಪರಾಧಕ್ಕೆ ಪ್ರತ್ಯೇಕ ಶಿಕ್ಷೆ ಇದ್ದೇ ಇದೆ. ವಂಚಿಸಿ ಹಣ ಅಥವಾ ಆಸ್ತಿ ಕಿತ್ತುಕೊಂಡರೆ ಸೆಕ್ಷನ್ 318ರಡಿ 7 ವರ್ಷದವರೆಗೆ, ಹೆದರಿಸಿ ಸುಲಿಗೆ ಮಾಡಿದರೆ ಸೆಕ್ಷನ್ 308ರಡಿ 7 ವರ್ಷದವರೆಗೆ ಜೈಲಿದೆ. ಮೊಬೈಲ್ ಅಥವಾ ಕಂಪ್ಯೂಟರ್ ಬಳಸಿ ಬೇರೆಯವರ ಸೋಗಿನಲ್ಲಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಅನ್ವಯ 3 ವರ್ಷದವರೆಗೆ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡ.

ಹಾಗಾದರೆ ನಾಟಕದವರ ಗತಿ?

ಸಿನಿಮಾದಲ್ಲಿ ಪೊಲೀಸ್ ಪಾತ್ರ ಮಾಡುವವರು, ಶಾಲೆಯ ಫ್ಯಾನ್ಸಿ ಡ್ರೆಸ್‌ಗೆ ಪುಟ್ಟ ಇನ್‌ಸ್ಪೆಕ್ಟರ್ ಆಗಿ ಬರುವ ಮಕ್ಕಳು, ಖಾಕಿ ತೊಡುವ ಆಟೊ ಚಾಲಕರು ಇವರೆಲ್ಲ ಅಪರಾಧಿಗಳೇ? ಅಲ್ಲ. ಕಾನೂನು ಬಟ್ಟೆಯನ್ನಷ್ಟೇ ನೋಡುವುದಿಲ್ಲ, ತೊಟ್ಟವನ ಮನಸ್ಸಿನಲ್ಲಿ ಏನಿತ್ತು ಎಂದು ನೋಡುತ್ತದೆ. ರಂಗದ ಮೇಲಿನ ಇನ್‌ಸ್ಪೆಕ್ಟರನ್ನು ನಿಜವಾದವನೆಂದು ಯಾರೂ ನಂಬುವುದಿಲ್ಲ, ನಂಬಿಸುವ ಉದ್ದೇಶ ಅವನಿಗೂ ಇಲ್ಲ. ಖಾಕಿ ಬಣ್ಣವೂ ಪೊಲೀಸರೊಬ್ಬರ ಸೊತ್ತಲ್ಲ.

ಆದರೆ ‘ತಮಾಷೆಗೆ ಮಾಡಿದೆ’ ಎಂಬ ಸಬೂಬು ಎಲ್ಲ ಕಡೆ ನಡೆಯುವುದಿಲ್ಲ. ರೀಲ್ಸ್‌ಗಾಗಿ ಪೊಲೀಸ್ ಉಡುಪು ತೊಟ್ಟು ನಡುರಸ್ತೆಯಲ್ಲಿ ಬೈಕ್ ಸವಾರರನ್ನು ತಡೆದು ಹೆದರಿಸುವವರಿದ್ದಾರೆ. ಅವರ ಮಟ್ಟಿಗೆ ಅದು ತಮಾಷೆ, ಎದುರಿಗಿದ್ದವನಿಗೆ ಅಲ್ಲ. ‘ಜನ ನಂಬುವ ಸಂಭವವಿದೆ ಎಂದು ಗೊತ್ತಿದ್ದೂ’ ಎಂಬ ಮಾತು ಸೆಕ್ಷನ್‌ನಲ್ಲೇ ಇರುವುದರಿಂದ ಮೋಸದ ಉದ್ದೇಶ ಇರಲಿಲ್ಲ ಎಂದಷ್ಟೇ ಹೇಳಿ ಪಾರಾಗುವುದು ಕಷ್ಟ.

ಉದ್ದೇಶ ಎಷ್ಟು ಮುಖ್ಯ ಎಂಬುದಕ್ಕೆ 1987ರ ಮಾರ್ಚ್‌ನಲ್ಲಿ ಮುಂಬೈನ ಒಪೇರಾ ಹೌಸ್ ಬಡಾವಣೆಯಲ್ಲಿ ನಡೆದ ಘಟನೆ ಒಳ್ಳೆಯ ಉದಾಹರಣೆ. ಒಬ್ಬ ವ್ಯಕ್ತಿ ಪತ್ರಿಕೆಯಲ್ಲಿ ಉದ್ಯೋಗದ ಜಾಹೀರಾತು ಕೊಟ್ಟ, ದೊಡ್ಡ ಹೋಟೆಲಿನಲ್ಲಿ ಸಂದರ್ಶನ ನಡೆಸಿ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಆರಿಸಿಕೊಂಡ. ಮರುದಿನ ಅವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ, ತಾನು ಸಿಬಿಐ ಅಧಿಕಾರಿ ಎಂದು ಹೇಳಿ ಚಿನ್ನಾಭರಣ ಮಳಿಗೆಯೊಂದರ ಮೇಲೆ ‘ದಾಳಿ’ ಮಾಡಿಸಿದ. ಒಡವೆಗಳನ್ನು ಚೀಲಕ್ಕೆ ತುಂಬಿಸಿಕೊಂಡು ಹೋದವನು ತಿರುಗಿ ಬರಲೇ ಇಲ್ಲ. 2013ರ ಹಿಂದಿ ಚಿತ್ರ ‘ಸ್ಪೆಷಲ್ 26’ ಇದೇ ಘಟನೆಯಿಂದ ಪ್ರೇರಿತ. ಅವನ ಜೊತೆ ಹೋದವರು ತಮಗೆ ಸಿಕ್ಕಿದ್ದು ನಿಜವಾದ ಕೆಲಸ ಎಂದೇ ನಂಬಿದ್ದರು. ‘ಆ ಹುದ್ದೆ ತನಗಿಲ್ಲ ಎಂದು ಗೊತ್ತಿದ್ದೂ’ ನಟಿಸಬೇಕು ಎನ್ನುತ್ತದೆ ಕಾನೂನು. ಗೊತ್ತಿಲ್ಲದೆ ಬಲಿಯಾದವರನ್ನೂ ಗೊತ್ತಿದ್ದು ಮೋಸ ಮಾಡಿದವನನ್ನೂ ಬೇರೆ ಮಾಡುವುದು ಈ ಮಾತೇ.

ಅಸಲಿ ಪೊಲೀಸರಿಗೂ ಸಮವಸ್ತ್ರವೊಂದೇ ಸಾಲದು

ಇದು ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. ಖಾಕಿ ತೊಟ್ಟ ಮಾತ್ರಕ್ಕೆ ಅಧಿಕಾರ ಹುಟ್ಟುವುದಿಲ್ಲ. ಅಸಲಿ ಪೊಲೀಸ್ ಅಧಿಕಾರಿಯೂ ಬಂಧಿಸುವಾಗ ಕೆಲವು ಕ್ರಮ ಪಾಲಿಸಲೇಬೇಕು. ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕಾಗಿ 11 ಸೂಚನೆಗಳನ್ನು ಕೊಟ್ಟಿತು. ಅದರಲ್ಲಿ ಮೊದಲನೆಯದೇ ಬಂಧಿಸುವ ಅಧಿಕಾರಿ ತನ್ನ ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿ ಕಾಣುವಂತೆ ಧರಿಸಿರಬೇಕು ಎಂಬುದು.

ಈಗ ಇಂಥ ನಿಯಮಗಳು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿವೆ. ಸೆಕ್ಷನ್ 36ರ ಪ್ರಕಾರ ಬಂಧಿಸುವ ಅಧಿಕಾರಿಯ ಹೆಸರಿನ ಗುರುತು ಸ್ಪಷ್ಟವಾಗಿ ಕಾಣಬೇಕು. ಬಂಧನದ ಬಗ್ಗೆ ಲಿಖಿತ ಪತ್ರ ತಯಾರಿಸಿ, ಮನೆಯವರು ಅಥವಾ ಊರಿನ ಗೌರವಸ್ಥರು ಒಬ್ಬರಿಂದಾದರೂ ಸಾಕ್ಷಿ ಸಹಿ ಹಾಕಿಸಬೇಕು. ಏಕೆ ಬಂಧಿಸುತ್ತಿದ್ದೇವೆ ಎಂದು ಹೇಳಬೇಕು (ಸೆಕ್ಷನ್ 47), ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು (ಸೆಕ್ಷನ್ 48), ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು (ಸೆಕ್ಷನ್ 58). ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಸಾಧಾರಣ ಸಂದರ್ಭ ಬಿಟ್ಟು, ಮಹಿಳೆಯರನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲೂ ಮಹಿಳಾ ಪೊಲೀಸ್ ಅಧಿಕಾರಿ ಮತ್ತು ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ ಬೇಕು. ಮನೆ ಶೋಧ ಮಾಡಿದರೆ ಅದನ್ನು ವಿಡಿಯೊ ಮಾಡಬೇಕು (ಸೆಕ್ಷನ್ 105).

ಅಂದರೆ ‘ಸಾರ್, ನಿಮ್ಮ ಹೆಸರೇನು, ಯಾವ ಠಾಣೆ, ಏನು ಕೇಸು’ ಎಂದು ಕೇಳುವುದು ಉದ್ಧಟತನವಲ್ಲ. ಅಸಲಿ ಅಧಿಕಾರಿಗೆ ಇದಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ರೇಗಾಡುವ, ಅವಸರ ಮಾಡುವ, ‘ಯಾರಿಗೂ ಹೇಳಬೇಡ’ ಎನ್ನುವ ಮನುಷ್ಯನ ಮೇಲೆ ಅನುಮಾನ ಬರಲೇಬೇಕು. ಕಾನೂನು ಮನೆಯವರಿಗೆ ತಿಳಿಸು ಎನ್ನುತ್ತದೆ, ವಂಚಕ ತಿಳಿಸಬೇಡ ಎನ್ನುತ್ತಾನೆ.

ಮಫ್ತಿಯಲ್ಲಿದ್ದರೆ ಪೊಲೀಸರೇ ಅಲ್ಲವೇ?

ಈಗ ಎರಡನೇ ಸಂದೇಶಕ್ಕೆ ಬರೋಣ. ಸಮವಸ್ತ್ರ ಇಲ್ಲದ ಪೊಲೀಸರು ಯಾರನ್ನೂ ಬಂಧಿಸುವಂತಿಲ್ಲ ಎಂಬುದು ತಪ್ಪು. ಅಪರಾಧ ಪತ್ತೆಯ ಕೆಲಸದಲ್ಲಿ ಮಫ್ತಿ ಸಾಮಾನ್ಯ. ಆದರೆ ಮಫ್ತಿಯಲ್ಲಿದ್ದರೂ ಬಂಧಿಸುವಾಗ ಗುರುತು ತೋರಿಸುವ ನಿಯಮ ತಪ್ಪುವುದಿಲ್ಲ. ಗುರುತು ಖಾತ್ರಿಯಾದ ಮೇಲೂ ತಳ್ಳಾಡಿ ಅಡ್ಡಿಪಡಿಸಿದರೆ ಅದು ನಿಮ್ಮ ಅಪರಾಧವಾಗುತ್ತದೆ.

ವಾಹನ ತಪಾಸಣೆಯ ವಿಷಯದಲ್ಲಿ ಮಾತ್ರ ಸಮವಸ್ತ್ರಕ್ಕೆ ನೇರ ಮಹತ್ವವಿದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 130, ‘ಸಮವಸ್ತ್ರದಲ್ಲಿರುವ’ ಪೊಲೀಸ್ ಅಧಿಕಾರಿ ಕೇಳಿದರೆ ಚಾಲಕ ಲೈಸೆನ್ಸ್ ತೋರಿಸಬೇಕು ಎನ್ನುತ್ತದೆ. ದಂಡ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ.

ವಯಸ್ಸಾದ ಹೆಂಗಸರನ್ನು ತಡೆದು ‘ಅಮ್ಮಾ, ಮುಂದೆ ಕಳ್ಳತನ ಆಗಿದೆ, ಒಡವೆ ಬಿಚ್ಚಿ ಕಾಗದದಲ್ಲಿ ಕಟ್ಟಿಕೊಳ್ಳಿ’ ಎನ್ನುವುದು ಹಳೆಯ ತಂತ್ರ. ಕಟ್ಟಿಕೊಡುವ ನೆಪದಲ್ಲಿ ಪೊಟ್ಟಣ ಬದಲಾಗುತ್ತದೆ, ಮನೆಗೆ ಬಂದು ಬಿಚ್ಚಿದರೆ ಒಳಗೆ ಕಲ್ಲು. ನಡುರಸ್ತೆಯಲ್ಲಿ ಒಡವೆ ಬಿಚ್ಚಿಸಿ ಪೊಟ್ಟಣ ಕಟ್ಟುವ ಕೆಲಸವನ್ನು ಯಾವ ಕಾನೂನೂ ಪೊಲೀಸರಿಗೆ ಕೊಟ್ಟಿಲ್ಲ.

ಮೊಬೈಲ್ ಪರದೆಯ ಮೇಲಿನ ಖಾಕಿ

ಹಿಂದೆ ನಕಲಿ ಪೊಲೀಸನಿಗೆ ದರ್ಜಿ ಬೇಕಿತ್ತು, ಬೂಟು ಬೇಕಿತ್ತು. ಈಗ ವಿಡಿಯೊ ಕರೆಯಲ್ಲಿ ಎದೆಮಟ್ಟ ಕಾಣುವ ಒಂದು ಅಂಗಿ, ಹಿಂದೆ ಒಂದು ಲಾಂಛನ ಇದ್ದರೆ ಸಾಕು. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ, ಕ್ಯಾಮೆರಾ ಮುಂದಿನಿಂದ ಏಳಬೇಡಿ’ ಎಂದು ಹೆದರಿಸುತ್ತಾರೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಪ್ರಧಾನಿಯವರು 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲೂ ಇದನ್ನೇ ಹೇಳಿದ್ದರು. ಪೊಲೀಸರು ವಿಚಾರಣೆಗೆ ಕರೆಯುವ ಸೆಕ್ಷನ್ 35ರ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದು ಸಲ್ಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ನ್ಯಾಯಾಲಯದ ಸಮನ್ಸ್‌ಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಕಳುಹಿಸಲು ಹೊಸ ಕಾನೂನಿನಲ್ಲಿ ಅವಕಾಶವಿದೆ. ಹಾಗಾಗಿ ‘ಮೊಬೈಲಿಗೆ ಬಂದಿದ್ದೆಲ್ಲ ಸುಳ್ಳು’ ಎಂದು ಕಸದಬುಟ್ಟಿಗೆ ಹಾಕಬೇಡಿ. ವಕೀಲರನ್ನೋ ಠಾಣೆಯನ್ನೋ ಕೇಳಿ ಖಾತ್ರಿ ಮಾಡಿಕೊಳ್ಳಿ. ಆದರೆ ಹಣ ವರ್ಗಾಯಿಸಿ ‘ಪರಿಶೀಲನೆ’ ಮುಗಿಸಿಕೊಳ್ಳಿ ಎಂದು ಯಾವ ಠಾಣೆಯೂ, ಯಾವ ನ್ಯಾಯಾಲಯವೂ ಹೇಳುವುದಿಲ್ಲ.

ಅನುಮಾನ ಬಂದರೆ ಏನು ಮಾಡಬೇಕು?

ಹೆಸರು, ಹುದ್ದೆ, ಠಾಣೆ ಕೇಳಿ. ಗುರುತಿನ ಚೀಟಿಯನ್ನು ದೂರದಿಂದ ಬೀಸಿ ತೋರಿಸಿದರೆ ಸಾಲದು, ಓದಿ ನೋಡಿ. ಆದರೆ ಅದೊಂದನ್ನೇ ನೆಚ್ಚಬೇಡಿ, ಚೀಟಿಯನ್ನೂ ಮುದ್ರಿಸಬಹುದು. 112ಕ್ಕೆ ಕರೆ ಮಾಡಿ ಅಥವಾ ನಿಮ್ಮ ಠಾಣೆಯ ನಂಬರನ್ನು ನೀವೇ ಹುಡುಕಿ ವಿಚಾರಿಸಿ. ಎದುರಿಗಿರುವವನು ಕೊಟ್ಟ ನಂಬರಿಗೆ ಕರೆ ಮಾಡಿದರೆ ಎತ್ತುವವನು ಅವನ ಜೊತೆಗಾರನೇ ಇರಬಹುದು. ಜನ ಇರುವ ಕಡೆ ನಿಂತು ಮಾತಾಡಿ, ಮನೆಯವರಿಗೆ ಫೋನ್ ಮಾಡಿ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗಳಿಗೆ ಹೋಗುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು.

ಮೋಸ ಹೋದವರು ನಾಚಿಕೆಯಿಂದ ಸುಮ್ಮನಾಗುವುದೇ ಇಂಥ ವಂಚಕರಿಗೆ ಧೈರ್ಯ. ಇವರು ನಂಬಿಕೊಂಡಿರುವುದು ನಮ್ಮ ದಡ್ಡತನವನ್ನಲ್ಲ, ಪೊಲೀಸರೆಂದರೆ ನಮಗಿರುವ ಭಯವನ್ನು. ಮನೆಯ ಹಿರಿಯರು ಇಂಥದ್ದೇನಾದರೂ ಹೇಳಿಕೊಂಡರೆ ಬೈಯಬೇಡಿ, ದೂರು ಕೊಡಲು ಜೊತೆಗೆ ಹೋಗಿ. ಈ ಬರಹವನ್ನು ಫಾರ್ವರ್ಡ್ ಮಾಡುವುದಾದರೆ ಅವರಿಗೇ ಮೊದಲು ಮಾಡಿ. ಓದಲು ಕಷ್ಟವಾದರೆ ಪಕ್ಕದಲ್ಲಿ ಕೂತು ಒಂದೇ ಮಾತು ಹೇಳಿದರೂ ಸಾಕು: ಯಾರೇ ಬಂದು ಪೊಲೀಸ್ ಎಂದರೂ, ಮೊದಲು ನಮಗೊಂದು ಫೋನ್ ಮಾಡಿ.