ಯಂತ್ರಕ್ಕೂ ಒಂದು ವೇಳೆ ಇರಲಿ

ಮನುಷ್ಯನು ತನ್ನ ಅನುಕೂಲಕ್ಕಾಗಿ ಅನೇಕ ಸಾಧನಗಳನ್ನು ಮಾಡಿಕೊಂಡಿದ್ದಾನೆ. ಸಾಧನವು ಅವನ ಕೈಯಲ್ಲಿರುವವರೆಗೆ ಸೇವಕ. ಅವನೇ ಸಾಧನದ ಕೈಗೆ ಸಿಕ್ಕಿದರೆ ಅದೇ ಒಡೆಯ. ಬೆಂಕಿ ಒಲೆಯಲ್ಲಿದ್ದರೆ ಅನ್ನ ಬೇಯುತ್ತದೆ, ಸೂರಿಗೆ ಹತ್ತಿದರೆ ಮನೆ ಸುಡುತ್ತದೆ. ದೋಷ ಬೆಂಕಿಯದಲ್ಲ, ಅದು ಇರುವ ಜಾಗದ್ದು. ಇಂದು ಮನೆಮನೆಯನ್ನೂ ಹೊಕ್ಕಿರುವ ದೂರದರ್ಶನ, ಮೊಬೈಲು, ಅಂತರ್ಜಾಲಗಳ ವಿಷಯದಲ್ಲಿಯೂ ಈ ಮಾತನ್ನು ನಾವೆಲ್ಲರೂ ಸಮಾಧಾನದಿಂದ ಚಿಂತಿಸಬೇಕಾಗಿದೆ.

ನಮ್ಮ ಭಾಗದ ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. 1975ರ ಆಗಸ್ಟ್ 1ರಂದು ನಮ್ಮ ದೇಶದಲ್ಲಿ ಉಪಗ್ರಹದ ಮೂಲಕ ಶಿಕ್ಷಣ ನೀಡುವ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ಅಮೆರಿಕೆಯ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಲಾಯಿತು. ಕರ್ನಾಟಕದಲ್ಲಿ ಆ ಭಾಗ್ಯ ದೊರೆತದ್ದು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ ಮುಂತಾದ ವಿಷಯಗಳು. 1976ರ ಜುಲೈ 31ಕ್ಕೆ ಆ ಪ್ರಯೋಗ ಮುಗಿಯಿತು.

ಆ ಪೆಟ್ಟಿಗೆಗೆ ಮೂರು ಗುಣಗಳಿದ್ದವು. ಅದಕ್ಕೊಂದು ವೇಳೆ ಇತ್ತು, ಒಂದು ಉದ್ದೇಶವಿತ್ತು, ಜೊತೆಗೆ ಕುಳಿತು ನೋಡುವ ಜನರಿದ್ದರು. ನೋಡಿದ್ದು ತಿಳಿಯದಿದ್ದರೆ ಪಕ್ಕದವನನ್ನು ಕೇಳಬಹುದಿತ್ತು. ಒಪ್ಪದಿದ್ದರೆ ಅಲ್ಲೇ ವಾದಿಸಬಹುದಿತ್ತು. 1987ರಲ್ಲಿ ರಾಮಾಯಣ ಧಾರಾವಾಹಿ ಆರಂಭವಾದಾಗಲೂ ಭಾನುವಾರ ಬೆಳಿಗ್ಗೆ ಓಣಿಯ ಜನರೆಲ್ಲ ಟಿ.ವಿ. ಇದ್ದ ಮನೆಯಲ್ಲಿ ಸೇರುತ್ತಿದ್ದರು. ಮುಗಿದ ಮೇಲೆ ಎದ್ದು ತಮ್ಮ ತಮ್ಮ ಕಾಯಕಕ್ಕೆ ಹೋಗುತ್ತಿದ್ದರು. 1995ರಲ್ಲಿ ನಮ್ಮ ದೇಶದ ಜನಸಾಮಾನ್ಯರಿಗೆ ಮೊಬೈಲೂ ಅಂತರ್ಜಾಲವೂ ತೆರೆದುಕೊಂಡವು. 2016ರ ನಂತರ ಅಂತರ್ಜಾಲದ ದರ ಇಳಿದು, ಕುರಿ ಕಾಯುವ ಹುಡುಗನ ಅಂಗೈಗೂ ಅದು ಬಂದಿತು. ಆದರೆ ಅಂಗೈಗೆ ಬಂದ ಈ ಪೆಟ್ಟಿಗೆಗೆ ವೇಳೆಯಿಲ್ಲ, ಮುಕ್ತಾಯವಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ಒಂದು ಚಿತ್ರ ಮುಗಿಯುವುದರೊಳಗೆ ಇನ್ನೊಂದು ತಾನಾಗಿಯೇ ಎದುರಿಗೆ ನಿಲ್ಲುತ್ತದೆ. ಏಳು ಎಂದು ಹೇಳುವವರೇ ಇಲ್ಲದಂತಾಗಿದೆ.

ಹಾಗೆಂದು ನಾವು ವಿಜ್ಞಾನವನ್ನು ನಿಂದಿಸುವವರಲ್ಲ. ರೈತನು ಮಳೆಯ ಸೂಚನೆಯನ್ನೂ ಮಾರುಕಟ್ಟೆಯ ಧಾರಣೆಯನ್ನೂ ಹೊಲದಲ್ಲಿಯೇ ನಿಂತು ತಿಳಿಯುತ್ತಾನೆ. ಪರದೇಶದಲ್ಲಿರುವ ಮಗಳ ಮುಖವನ್ನು ತಾಯಿ ಹಳ್ಳಿಯಲ್ಲಿಯೇ ಕುಳಿತು ನೋಡಿ ಕಣ್ಣು ತುಂಬಿಕೊಳ್ಳುತ್ತಾಳೆ. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಡವೋಲೆಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅದರ ಹಿಂದೆ ವರ್ಷಾನುವರ್ಷಗಳ ತಪಸ್ಸಿತ್ತು. ಇಂದು ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಒಂದು ಪದವನ್ನು ಬರೆದರೆ, ಆ ಪದವಿರುವ ವಚನಗಳು ಕ್ಷಣಮಾತ್ರದಲ್ಲಿ ಕಣ್ಣೆದುರು ಬರುತ್ತವೆ. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ವಚನ ಸಿಕ್ಕಿತು ಎಂದ ಮಾತ್ರಕ್ಕೆ ಅದರ ಅರ್ಥ ದಕ್ಕಿತೇ? ಹುಡುಕುವ ಶ್ರಮ ಉಳಿಯಿತು, ಸರಿ; ಉಳಿದ ಆ ಸಮಯ ಎಲ್ಲಿಗೆ ಹೋಯಿತು?

ನಮ್ಮ ಹಿರಿಯರು ಕಲಿಕೆಗೆ ಮೂರು ಮೆಟ್ಟಿಲುಗಳನ್ನು ಹೇಳಿದ್ದಾರೆ: ಶ್ರವಣ, ಮನನ, ನಿದಿಧ್ಯಾಸನ. ಕೇಳಬೇಕು, ಕೇಳಿದ್ದನ್ನು ಮನಸ್ಸಿನಲ್ಲಿ ತಿರುವಿಹಾಕಬೇಕು, ನಂತರ ಅದರಲ್ಲಿಯೇ ನಿಲ್ಲಬೇಕು. ಮೊಬೈಲು ಮೊದಲನೆಯ ಮೆಟ್ಟಿಲನ್ನು ಬಹಳ ಅಗಲ ಮಾಡಿದೆ. ಆದರೆ ಎರಡನೆಯದಕ್ಕೆ ಕಾಲಿಡಲು ಬಿಡುವುದಿಲ್ಲ. ಮೇಯ್ದ ಹಸು ಒಂದೆಡೆ ಮಲಗಿ ಮೆಲುಕು ಹಾಕದಿದ್ದರೆ ಹಾಲು ಎಲ್ಲಿಂದ ಬರಬೇಕು? ಯುನೆಸ್ಕೋ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಜಾಗತಿಕ ಶಿಕ್ಷಣ ವರದಿಯು, ಪಾಠದ ನಡುವೆ ಚದುರಿದ ವಿದ್ಯಾರ್ಥಿಯ ಗಮನ ಮರಳಿ ಪಾಠದಲ್ಲಿ ನೆಲೆಗೊಳ್ಳಲು ಇಪ್ಪತ್ತು ನಿಮಿಷದವರೆಗೂ ಬೇಕಾಗಬಹುದು ಎಂದು ಹೇಳಿದೆ. ಗಂಟೆಗೆ ಮೂರು ಸಲ ಫೋನು ಸದ್ದು ಮಾಡಿದರೆ ಆ ಗಂಟೆಯಲ್ಲಿ ಓದಿಗೆ ಉಳಿದದ್ದೇನು ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಕುರಿತ 2024ರ ‘ಅಸರ್’ ವರದಿಯ ಪ್ರಕಾರ, 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನು ಬಳಸಲು ಬರುತ್ತದೆ. ಹಾಗೆ ಬಳಸಬಲ್ಲವರಲ್ಲಿ, ಹಿಂದಿನ ಒಂದು ವಾರದಲ್ಲಿ ಓದಿನ ಕೆಲಸಕ್ಕೆ ಬಳಸಿದವರು ನೂರಕ್ಕೆ 57. ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು 76. ಈ ಅಂಕಿಗಳನ್ನು ಕಂಡು ಮಕ್ಕಳನ್ನು ಬೈಯುವುದು ಸುಲಭ. ಆದರೆ ಹಾಗೆ ಬಳಸಬಲ್ಲವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಓದಿಗೂ ಅದನ್ನು ಬಳಸುತ್ತಿದ್ದಾರೆ ಎಂಬುದನ್ನೂ ಮರೆಯಬಾರದು.

ಆದುದರಿಂದ ‘ಮಕ್ಕಳಿಗೆ ಫೋನನ್ನೇ ಕೊಡಬೇಡಿ’ ಎಂಬ ಉಪದೇಶ ನಮಗೆ ಒಪ್ಪಿತವಲ್ಲ. 2020ರಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠವು ಫೋನಿನೊಳಗೆ ಸೇರಿತು. ಫೋನಿಲ್ಲದ ಕೂಲಿಕಾರರ ಮಕ್ಕಳಿಗೆ ವಿದ್ಯೆಯೇ ದೂರವಾಯಿತು. ಒಂದೇ ಫೋನಿದ್ದ ಮನೆಯಲ್ಲಿ ಮೊದಲ ಸರದಿ ಮಗನದು, ಕೊನೆಯ ಸರದಿ ಮಗಳದು. ಇಂದಿಗೂ ವಿದ್ಯಾರ್ಥಿವೇತನದ ಅರ್ಜಿ ಹಾಕಲು, ಪರೀಕ್ಷೆಯ ಫಲಿತಾಂಶ ನೋಡಲು ಅದೇ ಬೇಕು. ಹಾದಿ ತಪ್ಪುವ ಭಯವನ್ನು ಮುಂದೆ ಮಾಡಿ ಹೆಣ್ಣುಮಗಳ ಕೈಯಿಂದ ಫೋನನ್ನು ಕಿತ್ತುಕೊಂಡು, ಗಂಡುಮಗನಿಗೆ ನಡುರಾತ್ರಿಯವರೆಗೆ ಬಿಡುವ ತಂದೆತಾಯಿಗಳು ನ್ಯಾಯ ಮಾಡಿದಂತಾಗುವುದಿಲ್ಲ. ನಿಯಮವೆಂದರೆ ಇಬ್ಬರಿಗೂ ಒಂದೇ ನಿಯಮ.

‘ಮಗ ಸದಾ ಮೊಬೈಲಿನಲ್ಲಿಯೇ ಇರುತ್ತಾನೆ, ಅಪ್ಪಣೆ ಕೊಡಿಸಿ’ ಎಂದು ಮಠಕ್ಕೆ ಬರುವ ತಂದೆತಾಯಿಗಳು ಈಗ ಬಹಳ. ನಾವು ಅವರನ್ನು ಕೇಳುವುದು ಒಂದೇ ಪ್ರಶ್ನೆ: ಅವನು ಶಾಲೆಯಿಂದ ಮನೆಗೆ ಬಂದಾಗ ನಿಮ್ಮ ಕೈಯಲ್ಲಿ ಏನಿರುತ್ತದೆ? ಹೆಚ್ಚಿನವರು ತಲೆ ತಗ್ಗಿಸುತ್ತಾರೆ. ಎಳೆಯ ಕೂಸಿಗೆ ತುತ್ತು ಉಣಿಸುವಾಗ ಚಂದ್ರನನ್ನು ತೋರಿಸುತ್ತಿದ್ದ ಕೈ ಇಂದು ಫೋನು ತೋರಿಸುತ್ತಿದೆ. ಎರಡು ವರ್ಷ ತುಂಬದ ಕೂಸುಗಳಿಗೆ ಪರದೆಯ ನೋಟವೇ ಬೇಡ, ನಾಲ್ಕು ವರ್ಷದವರೆಗಿನವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿಯೇ ಹೇಳಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ತೊಟ್ಟಿಲಲ್ಲಿ ನಾವೇ ಕೊಟ್ಟದ್ದನ್ನು ಹತ್ತನೆಯ ತರಗತಿಯಲ್ಲಿ ಕಸಿದುಕೊಳ್ಳಲು ಹೊರಟರೆ ಜಗಳವಲ್ಲದೆ ಮತ್ತೇನು ಆದೀತು?

ಆಸ್ಟ್ರೇಲಿಯಾ ದೇಶವು 16 ವರ್ಷದೊಳಗಿನ ಮಕ್ಕಳು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ 2024ರಲ್ಲಿ ಕಾನೂನು ಮಾಡಿತು. ಕಾನೂನು ಬಾಗಿಲಿಗೆ ಬೀಗ ಹಾಕಬಲ್ಲದು. ಮನೆಯೊಳಗೆ ಮಾತು ಹುಟ್ಟಿಸಲಾರದು. ನಮ್ಮ ನೆರೆಯ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯವರು 2022ರಲ್ಲಿ ಬೇರೊಂದು ದಾರಿ ಹಿಡಿದರು. ಸಂಜೆ ಏಳಕ್ಕೆ ಗುಡಿಯ ಮೇಲಿನ ಸೈರನ್ ಕೂಗಿದೊಡನೆ ಊರಿನವರು ಟಿ.ವಿ., ಮೊಬೈಲುಗಳನ್ನು ಬದಿಗಿಡಬೇಕು. ಎಂಟೂವರೆಯವರೆಗೆ ಮಕ್ಕಳ ಓದು, ಮನೆಯವರ ಮಾತುಕತೆ. ಇದರ ಮಹತ್ವವಿರುವುದು ಸೈರನ್ನಿನಲ್ಲಲ್ಲ. ದೊಡ್ಡವರೂ ಮಕ್ಕಳೊಂದಿಗೆ ಅದೇ ನಿಯಮಕ್ಕೆ ಒಳಪಟ್ಟದ್ದರಲ್ಲಿ. ಕಳೆದುಹೋದ ವೇಳೆಯನ್ನು ಅವರು ಯಂತ್ರಕ್ಕೆ ಮರಳಿ ಗೊತ್ತುಮಾಡಿದರು.

ಇದನ್ನು ಪ್ರತಿಯೊಂದು ಮನೆಯೂ ಮಾಡಬಹುದು. ಸಂಜೆಯ ಒಂದೂವರೆ ಗಂಟೆ ಎಲ್ಲರ ಫೋನುಗಳೂ ಒಂದು ಗೂಡಿನಲ್ಲಿರಲಿ. ಊಟದ ಪಂಕ್ತಿಯಲ್ಲಿ ಫೋನು ಬೇಡ; ಅನ್ನದ ಮುಂದೆ ಕುಳಿತಾಗ ಅನ್ನದ ಮೇಲೆ ಲಕ್ಷ್ಯವಿರಲಿ. ಮಗುವಿಗೆ ಸಂದೇಹ ಬಂದರೆ ಮೊದಲು ತಾನೇ ಯೋಚಿಸಲಿ, ನಂತರ ಹಿರಿಯರನ್ನು ಕೇಳಲಿ, ಕೊನೆಗೆ ಅಂತರ್ಜಾಲವನ್ನು ನೋಡಲಿ. ಯಾರೋ ಕಳಿಸಿದ ಸುದ್ದಿಯನ್ನು ನಿಜವೋ ಸುಳ್ಳೋ ಎಂದು ಅರಿಯದೆ ಮುಂದಕ್ಕೆ ಕಳಿಸುವುದು ಬೇಡ. ಚಾಡಿಯನ್ನು ನಾಲಿಗೆಯಿಂದ ಹೇಳಿದರೂ ಬೆರಳಿನಿಂದ ಹೇಳಿದರೂ ಪಾಪ ಒಂದೇ. ಮಠಮಾನ್ಯಗಳಿಗೂ ಈ ಮಾತು ಸಲ್ಲುತ್ತದೆ. ಪ್ರವಚನದಲ್ಲಿ ಕುಳಿತ ಸದ್ಭಕ್ತರು ಮಾತನ್ನು ಕೇಳುವುದನ್ನು ಬಿಟ್ಟು ಚಿತ್ರ ತೆಗೆಯುತ್ತಿದ್ದರೆ, ಫೋನು ಪ್ರವಚನ ಕೇಳಿತೇ ಹೊರತು ಅವರು ಕೇಳಲಿಲ್ಲ.

ಕಳೆದ ಹಣವನ್ನು ದುಡಿದು ಗಳಿಸಬಹುದು. ಕಳೆದ ಹೊತ್ತನ್ನು ಯಾವ ಸಾಹುಕಾರನೂ ಕೊಳ್ಳಲಾರ. ಮಕ್ಕಳ ಬಾಲ್ಯವಂತೂ ಮತ್ತೆ ಬರುವಂಥದ್ದಲ್ಲ. ಅವರು ನಮ್ಮನ್ನು ಮಾತನಾಡಿಸಲು ಬಯಸುವ ವರ್ಷಗಳು ಬಹಳ ಇಲ್ಲ. ಆ ವರ್ಷಗಳಲ್ಲಿ ನಮ್ಮ ಕಿವಿಗಳು ಅವರಿಗೆ ದೊರೆಯಲಿ. ಇಂದಿನ ಸಂಜೆಯಿಂದಲೇ ಒಂದೂವರೆ ಗಂಟೆಯ ಈ ವ್ರತವನ್ನು ಪ್ರತಿಯೊಬ್ಬರೂ ಹಿಡಿಯಬೇಕೆಂದು ನಾವು ಆಶಿಸುತ್ತೇವೆ. ಎಲ್ಲರಿಗೂ ಸನ್ಮಂಗಳವಾಗಲಿ.