ಮನೆಯ ಮೀಟರಿಗೆ ಮೊದಲು ಕೇರಿಯ ಮೀಟರ್

ಜಲ ಜೀವನ್ ಮಿಷನ್ ಅಡಿ ನಮ್ಮ ಹಳ್ಳಿಗಳಿಗೆ ನಲ್ಲಿ ಬಂತು, ನಲ್ಲಿಗೆ ಮೀಟರ್ ಬಂತು, ಹಿಂದೆಯೇ ಜಗಳವೂ ಬಂತು. ಮೀಟರ್ ಬೇಡವೆಂದವರನ್ನು ಬಿಟ್ಟಿ ನೀರಿಗೆ ಒಗ್ಗಿಹೋದವರೆಂದು ಜರೆಯುವುದು ಸುಲಭ. ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು ಕ್ಯಾನಿನೊಂದಿಗೆ ಸಾಲು ನಿಲ್ಲುವವರೂ ಇದೇ ಜನ. ನೀರು ಬಂದರೆ ದುಡ್ಡು ಕೊಡುತ್ತಾರೆ. ತಲೆಗೆ ದಿನಕ್ಕೆ 55 ಲೀಟರ್ ಎಂದು ಮಾತು ಕೊಟ್ಟು, ವಾರಕ್ಕೆರಡು ಸಲ ಯಾವುದೋ ಹೊತ್ತಿನಲ್ಲಿ ಬಿಟ್ಟರೆ ಯಾತಕ್ಕೆ ಕೊಡಬೇಕು?

ತಪ್ಪು ಶುರುವಾದದ್ದು ಮೀಟರಿಗಿಂತ ಬಹಳ ಮುಂಚೆ. 2019ರಲ್ಲಿ ಆರಂಭವಾದ ಮಿಷನ್ನಿನ ಮಾರ್ಗಸೂಚಿ ಊರಿಗೇ ಯಜಮಾನಿಕೆ ಕೊಟ್ಟಿತ್ತು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಯೋಜನೆ ರೂಪಿಸಬೇಕು, ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು, ಊರೊಳಗಿನ ಕಾಮಗಾರಿ ವೆಚ್ಚದ ಶೇ 10ರಷ್ಟನ್ನು ಸಮುದಾಯ ಭರಿಸಬೇಕು. ಗುಡ್ಡಗಾಡಿನಲ್ಲಿ, ಪರಿಶಿಷ್ಟರು ಹೆಚ್ಚಿರುವ ಹಳ್ಳಿಗಳಲ್ಲಿ ಶೇ 5. ಎಷ್ಟೋ ಪಂಚಾಯಿತಿಗಳಲ್ಲಿ ಆ ಸಮಿತಿ ನಡಾವಳಿ ಪುಸ್ತಕ ಬಿಟ್ಟು ಹೊರಗೆ ಬರಲೇ ಇಲ್ಲ. ಅಂದಾಜುಪಟ್ಟಿ ಎಂಜಿನಿಯರರ ಮೇಜಿನಲ್ಲಿ ತಯಾರಾಯಿತು. ಸಿಸಿ ರಸ್ತೆ ಅಗೆದ ದಿನವೇ ಊರಿಗೆ ವಿಷಯ ಗೊತ್ತಾದದ್ದು. ಪೈಪು ಹೂತಾದ ಮೇಲೆ, ಎಲ್ಲ ಮನೆಗೂ ನೀರು ಬಂದಿದೆ ಎಂದು ಪ್ರಮಾಣೀಕರಿಸಲು ಗ್ರಾಮಸಭೆಯ ಠರಾವು ಬೇಕಾಗುತ್ತದೆ. ಊರನ್ನು ಕೇಳುವುದು ಆ ಕೊನೆಯ ಗಳಿಗೆಯಲ್ಲಿ.

ಅಲ್ಲಿಂದಾಚೆಗೆ ಕರೆಂಟ್ ಬಿಲ್ಲು, ಸುಟ್ಟ ಮೋಟರು, ಬತ್ತಿದ ಬೋರ್‌ವೆಲ್ ಎಲ್ಲವೂ ಪಂಚಾಯಿತಿಯ ಪಾಲು. ಬೆಳಗಿನ ಜಾವ ಎದ್ದು ವಾಲ್ವ್ ತಿರುಗಿಸಿ ಕೇರಿಕೇರಿಗೆ ನೀರು ಹಂಚುವ ನೀರುಗಂಟಿಯ ಸಂಬಳ ತಿಂಗಳುಗಟ್ಟಲೆ ಬಾಕಿ. ಇದನ್ನು ಸಮುದಾಯ ನಿರ್ವಹಣೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ಸಮುದಾಯವೆಂದರೆ ಒಂದೇ ಮನಸ್ಸಿನ ಊರು ಎಂದುಕೊಳ್ಳುವುದೂ ಬೇಡ. ಯಾವ ವಾಲ್ವ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದರಲ್ಲಿ ಜಾತಿಯೂ ಇದೆ, ಜಮೀನೂ ಇದೆ. ಪೈಪಿನ ತುದಿಯಲ್ಲಿರುವ ಪರಿಶಿಷ್ಟರ ಕೇರಿಗೆ ಅದು ಚೆನ್ನಾಗಿ ಗೊತ್ತು. ಆದ್ದರಿಂದಲೇ ನಾನು ಮೀಟರಿನ ವಿರೋಧಿಯಲ್ಲ. ಮೊದಲು ಟ್ಯಾಂಕಿನ ಬುಡಕ್ಕೆ, ಪ್ರತಿ ಕೇರಿಗೆ ಕವಲೊಡೆಯುವ ಪೈಪಿಗೆ ಮೀಟರ್ ಹಾಕಿ. ಯಾವ ಕೇರಿಗೆ ಎಷ್ಟು ಹೋಯಿತೆಂದು ಪಂಚಾಯಿತಿ ಗೋಡೆಯ ಮೇಲೆ ವಾರವಾರ ಬರೆಯಲಿ. ಒಂದು ಬೇಸಿಗೆ ಆ ಲೆಕ್ಕ ಎಲ್ಲರ ಕಣ್ಣಿಗೆ ಬಿದ್ದ ಮೇಲೆ ಮನೆಯ ಶುಲ್ಕವನ್ನು ಗ್ರಾಮಸಭೆಯೇ ಗೊತ್ತುಮಾಡಲಿ. ಅದರಲ್ಲಿ ಮೊದಲ ಪಾಲು ನೀರುಗಂಟಿಯ ಸಂಬಳಕ್ಕೆ ಹೋಗಲಿ. ಗುತ್ತಿಗೆದಾರರ ಕೊನೆಯ ಬಿಲ್ಲಿಗೆ ಸಮಿತಿಯ ಹೆಂಗಸರ ಸಹಿ ಕಡ್ಡಾಯವಾಗಲಿ, ಅದೂ ತುದಿಮನೆಯ ನಲ್ಲಿಯಲ್ಲಿ ನೀರು ಕಂಡ ಮೇಲೆ. ಮಿಷನ್ನಿನ ಅವಧಿಯನ್ನು 2028ರವರೆಗೆ ವಿಸ್ತರಿಸುವುದಾಗಿ ಕೇಂದ್ರ 2025ರ ಬಜೆಟ್‌ನಲ್ಲಿ ಹೇಳಿದೆ. ನಿಯಮ ತಿದ್ದಲು ಅಷ್ಟು ಕಾಲ ಧಾರಾಳ ಸಾಕು.