ಅಪ್ಪಣೆ ಬೇಡುವ ಪ್ರೇಮ

ಹಿಂದಿ ಚಲಚ್ಚಿತ್ರಗಳಲ್ಲಿ ಪ್ರೇಮವು ಕೆಟ್ಟುಹೋಯಿತೆಂದು ಹಿರಿಯರು ಹಳಹಳಿಸುವುದನ್ನು ವಾಚಕರು ಕೇಳಿಯೇ ಇರುತ್ತೀರಿ. ಚುಂಬನ, ಕುಣಿತ, ತುಂಡುಡುಗೆ ಇವೇ ಅವರ ದೂರಿನ ವಿಷಯಗಳು. ಈ ದೂರಿನಲ್ಲಿ ರೋಗವನ್ನು ಬಿಟ್ಟು ಬೆವರನ್ನು ಒರೆಸುವ ಅವಿವೇಕವಿದೆ. ಪ್ರೇಮವು ಒಂದು ಕಾಲಕ್ಕೆ ಕೇಳುತ್ತಿದ್ದ ಪ್ರಶ್ನೆಯನ್ನು ಕೇಳುವುದನ್ನೇ ಬಿಟ್ಟಿತು; ಅಲ್ಲಿಂದ ಅದರ ಅಧಃಪತನ.

1936ರಲ್ಲಿ ಬಾಂಬೆ ಟಾಕೀಸ್ ತೆಗೆದ 'ಅಛೂತ್ ಕನ್ಯಾ'ವನ್ನು ನೆನೆಯಿರಿ. ರೈಲ್ವೆ ಗೇಟು ಕಾಯುವ ಅಸ್ಪೃಶ್ಯನ ಮಗಳು ಕಸ್ತೂರಿ. ಬ್ರಾಹ್ಮಣ ಅಂಗಡಿಕಾರನ ಮಗ ಪ್ರತಾಪ. ದೇವಿಕಾ ರಾಣಿ ಮತ್ತು ಅಶೋಕ್ ಕುಮಾರರು ಆ ಪಾತ್ರಗಳನ್ನು ವಹಿಸಿದ್ದರು. ಅವರಿಬ್ಬರಿಗೆ ಅಡ್ಡಬಂದುದು ಜಾತಿ, ಮತ್ತು ಚಿತ್ರವು ಅದನ್ನು ಹೆಸರು ಹಿಡಿದೇ ಕರೆಯಿತು. ಕಡೆಗೆ ಕಸ್ತೂರಿ ರೈಲಿಗೆ ಬಲಿಯಾಗುತ್ತಾಳೆ. ಅವರ ಮದುವೆಯನ್ನು ತೋರಿಸುವ ಎದೆಗಾರಿಕೆ ಚಿತ್ರಕ್ಕಿರಲಿಲ್ಲ, ನಿಜ. 1959ರಲ್ಲಿ ಬಿಮಲ್ ರಾಯ್ ಅವರ 'ಸುಜಾತಾ' ಒಂದು ಹೆಜ್ಜೆ ಮುಂದಿಟ್ಟಿತು. ಅಸ್ಪೃಶ್ಯ ಕುಲದ ಅನಾಥೆಯನ್ನು ಬ್ರಾಹ್ಮಣ ಯುವಕನೊಬ್ಬ ವರಿಸುತ್ತಾನೆ. ಆದರೆ ಸಾಕುತಾಯಿಯ ಮನಸ್ಸು ಕರಗುವುದಕ್ಕೆ ಆಕೆ ತನ್ನ ರಕ್ತವನ್ನೇ ಕೊಡಬೇಕಾಯಿತು. ಮನುಷ್ಯಳೆನಿಸಿಕೊಳ್ಳಲು ಎಂಥ ಸುಂಕ! ಹರಳಯ್ಯ-ಮಧುವರಸರ ಮಕ್ಕಳ ವಿವಾಹಕ್ಕಾಗಿ ಕಲ್ಯಾಣದಲ್ಲಿ ತೆತ್ತ ಬೆಲೆಯನ್ನು ಬಲ್ಲವರಿಗೆ ಈ ಸುಂಕದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಏನಾಯಿತು? 1973ರ 'ಬಾಬಿ'ಯಲ್ಲಿ ಸಿರಿವಂತನ ಮಗ, ಕ್ರೈಸ್ತ ಬೆಸ್ತನ ಮಗಳು. ಧರ್ಮಭೇದ ಕಣ್ಣೆದುರಿಗಿದ್ದರೂ ಜಗಳವೆಲ್ಲ ಹಣದ ಸುತ್ತಲೇ. 1988ರ 'ಕಯಾಮತ್ ಸೇ ಕಯಾಮತ್ ತಕ್' ಚಿತ್ರದಲ್ಲಿ ಪ್ರೇಮಿಗಳು ಸಾಯುತ್ತಾರೆ. ಆದರೆ ಎರಡೂ ಮನೆತನಗಳು ಠಾಕೂರರವೇ. ಹಳೆಯ ಹಗೆಯೊಂದಿಲ್ಲದಿದ್ದರೆ ಹಿರಿಯರೇ ಮುಂದೆ ನಿಂತು ನಿಶ್ಚಯಿಸಬಹುದಾಗಿದ್ದ ಸಂಬಂಧವದು!

ಇನ್ನು, ಮುಂಬಯಿಯ ಮರಾಠಾ ಮಂದಿರದಲ್ಲಿ ಸಾವಿರ ವಾರಗಳನ್ನು ಮೀರಿ ನಡೆದ 1995ರ 'ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ'. ನಾಯಕಿಯ ತಾಯಿಯೇ ಒಡವೆಗಳನ್ನು ಕೈಗಿತ್ತು ಮಗಳನ್ನು ಕರೆದುಕೊಂಡು ಹೋಗೆಂದರೂ ನಾಯಕನು ಒಪ್ಪುವುದಿಲ್ಲ. ಹುಡುಗಿಯೂ ಬೇಡುತ್ತಾಳೆ, ಅವಳ ಮಾತಿಗೆ ಬೆಲೆಯಿಲ್ಲ. ತಂದೆಯೇ ಕೈಬಿಟ್ಟು ಕಳುಹಿಸಿದ ಮೇಲಷ್ಟೇ ಅವಳು ರೈಲಿನೆಡೆಗೆ ಓಡಬಹುದು. ಲಂಡನ್ನಿನಲ್ಲಿ ಬೆಳೆದ ಇಬ್ಬರು ಪಂಜಾಬಿಗಳ ಈ ಕಥೆಯಲ್ಲಿ ಜಾತಿಯ ಮಾತೇ ಏಳುವುದಿಲ್ಲ. ತಂದೆಯ ಸಿಟ್ಟು ಇಳಿದರೆ ಎಲ್ಲವೂ ಇಳಿದಂತೆ.

ಇದು ಸಂಸ್ಕಾರವಲ್ಲವೆ ಎಂದು ತಾವು ಕೇಳಬಹುದು. ತಂದೆತಾಯಿಗಳನ್ನು ಗೌರವಿಸಬಾರದೆಂದು ಯಾರೂ ಹೇಳುತ್ತಿಲ್ಲ. ಆದರೆ ಅನ್ಯಜಾತಿಯವನನ್ನು ಒಲಿದ ಮಗಳ ಮೇಲೆ ಕೊಡಲಿ ಎತ್ತುವ ತಂದೆಯೂ ಈ ದೇಶದಲ್ಲಿದ್ದಾನೆ. ಅವನ ಅಪ್ಪಣೆಗಾಗಿ ಕಾದು ಕುಳಿತವರ ಗತಿಯೇನು? ಇಬ್ಬರು ವಯಸ್ಕರು ಮೆಚ್ಚಿ ಮದುವೆಯಾಗುವುದಕ್ಕೆ ಕುಟುಂಬದ, ಕುಲದ, ಸಮುದಾಯದ ಒಪ್ಪಿಗೆ ಬೇಕಾಗಿಲ್ಲವೆಂದು 2018ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಗಿ ಬಂದಿತು. ನ್ಯಾಯಾಲಯ ಆಡಿದ ಮಾತನ್ನು ಬೆಳ್ಳಿತೆರೆಯ ನಾಯಕನು ಆಡಲಿಲ್ಲ.

ಅದೇ ವರ್ಷ 'ಧಡಕ್' ಬಂದಿತು. ಇದರ ಮೂಲವಾದ ನಾಗರಾಜ ಮಂಜುಳೆಯವರ ಮರಾಠಿ 'ಸೈರಾಟ್' (2016) ಪಾಟೀಲರ ಮಗಳು ಕೆಳಜಾತಿಯ ಬೆಸ್ತರ ಹುಡುಗನನ್ನು ಒಲಿದುದರ ಫಲವನ್ನು ನೆತ್ತರಿನಲ್ಲಿ ತೋರಿಸಿತ್ತು. ಹಿಂದಿಗೆ ಬರುವಾಗ ಹಾಡುಗಳ ಮಟ್ಟು ಉಳಿಯಿತು, ಜಾತಿಯು ಹೆಚ್ಚುಕಡಿಮೆ ಪಿಸುಮಾತಾಯಿತು. ಏಳು ವರ್ಷಗಳ ಮೇಲೆ, 2025ರ 'ಧಡಕ್ 2'ರಲ್ಲಿ ಜಾತಿಯನ್ನು ಮತ್ತೆ ಬಾಯಿಬಿಟ್ಟು ಹೇಳಿದ್ದಾರೆ, ಸಂತೋಷ. ಆದರೆ ಆ ಕಥೆಯೂ ಮಾರಿ ಸೆಲ್ವರಾಜರ ತಮಿಳು ಚಿತ್ರ 'ಪರಿಯೇರುಂ ಪೆರುಮಾಳ್'ನಿಂದ ತಂದದ್ದು. 1936ರಲ್ಲಿ ಹಿಂದಿ ಚಿತ್ರವು ತಾನೇ ಕೇಳಿದ್ದ ಪ್ರಶ್ನೆಯನ್ನು ಈಗ ನೆರೆಮನೆಯಿಂದ ಕಡ ತರಬೇಕಾಗಿದೆ.